ಪ್ರಾಜೆಕ್ಟಿಗೆ ಯಾರು: ಹುಸೆರ್ಲ್, ಮೆರ್ಲೊ-ಪಾಂಟಿ, ಫೂಕೊ?

ತುಮಕೂರಿನಲ್ಲಿ ನರ್ಸಿಂಗ್ ಓದುವವರೊಬ್ಬರು ಕೇಳಿದ್ದಾರೆ: ರೋಗಿಯ ಅನುಭವದ ಮೇಲೆ ಪ್ರಾಜೆಕ್ಟ್ ಮಾಡಲು ಹುಸೆರ್ಲ್, ಮೆರ್ಲೊ-ಪಾಂಟಿ, ಫೂಕೊ ಈ ಮೂವರು ತತ್ವಜ್ಞಾನಿಗಳಲ್ಲಿ ಯಾರ ವಿಚಾರವನ್ನು ಹಿಡಿಯುವುದು?

ಸಮಯ ಇದ್ದರೆ ಹುಸೆರ್ಲ್. ಅವರ ದಾರಿಯಲ್ಲಿ ಹೋದರೆ, ನಮಗೆ ಮೊದಲೇ ಗೊತ್ತು ಅನ್ನೋದನ್ನು ಬದಿಗಿಟ್ಟು, ನಾಲ್ಕೈದು ಜನರ ಮಾತು ಪೂರ್ತಿ ಕೇಳಬೇಕು. ಹೇಳೋದು ಸುಲಭ, ನೈಟ್ ಡ್ಯೂಟಿ ಮಧ್ಯೆ ಕಷ್ಟ.

ನೋವಿನ ವಿಷಯವಾದರೆ ನನ್ನ ಒಲವು ಮೆರ್ಲೊ-ಪಾಂಟಿ ಕಡೆ. ದೇಹ ಒಂದು ವಸ್ತುವಲ್ಲ, ನಾವು ಜಗತ್ತಿನಲ್ಲಿ ಇರುವ ರೀತಿಯೇ ಅದು ಅಂತ 1945ರಲ್ಲೇ ಬರೆದವರು. ಪಾವಗಡ ಕಡೆಯ ಫ್ಲೋರೈಡ್ ನೀರು ಕುಡಿದು ಕೀಲು ಬಿಗಿದ ಅಜ್ಜಿಯನ್ನು ನೆನೆಸಿಕೊಳ್ಳಿ. ನೋವು ಹತ್ತಕ್ಕೆ ಎಷ್ಟು ಅಂದರೆ ಸುಮ್ನೆ 'ಏಳು' ಅಂತಾರೆ, ಆದರೆ ನೆಲದ ಮೇಲೆ ಕೂತು ಮುದ್ದೆ ಕಟ್ಟೋಕಾಗಲ್ಲ ಅನ್ನೋ ಸಂಕಟ ಆ ಏಳರಲ್ಲಿ ಎಲ್ಲಿದೆ? ಭಾಷೆ ಮಾತ್ರ ಜಟಿಲ, ಗೈಡ್ ಬೇಕೇ ಬೇಕು.

ಪ್ರಶ್ನೆ ಆಸ್ಪತ್ರೆಯ ಮೇಲೇ ಇದ್ದರೆ ಫೂಕೊ. 'ಬೆಡ್ ನಂಬರ್ 12' ಅಂತ ಕರೆಯೋದು, ಕೇಸ್ ಶೀಟ್, ರೌಂಡ್ಸ್, ಇವೆಲ್ಲ ಮನುಷ್ಯನನ್ನು ಹೇಗೆ 'ರೋಗಿ' ಮಾಡುತ್ತವೆ ಅಂತ ನೋಡಬಹುದು. ಸಂದರ್ಶನ ಕಡಿಮೆ ಸಾಕು. ಆದರೆ ಅನುಮತಿ ಕೇಳೋಕೆ ಹೋದಾಗ ಮ್ಯಾನೇಜ್‌ಮೆಂಟ್ ಮುಖ ಗಂಟಿಕ್ಕಬಹುದು, ಅದಕ್ಕೆ ತಯಾರಿರಿ.