ಮಕ್ಕಳೊಂದಿಗೆ ಸಿನಿಮಾಕ್ಕೆ ಹೊರಟವರು ಆ ‘ಯುಎ 16+’ ಅನ್ನು ಓದಿಕೊಂಡು ಹೋಗಿ

ನನ್ನ ಮಗಳಿಗೆ ಏಳು ವರ್ಷ. ಕಳೆದ ಮಳೆಗಾಲದಲ್ಲಿ ಅವಳನ್ನು ಮಂಗಳೂರಿನ ಒಂದು ಮಲ್ಟಿಪ್ಲೆಕ್ಸ್‌ಗೆ ಕರೆದುಕೊಂಡು ಹೋಗಿ, ಆ ವಯಸ್ಸಿನ ಮಗು ನೋಡಬಾರದ ಚಿತ್ರವೊಂದನ್ನು ಮುಕ್ಕಾಲು ಭಾಗ ತೋರಿಸಿ ಬಂದೆ. ತಪ್ಪು ನನ್ನದೇ. ಆದರೆ ಅದು ಎಷ್ಟು ಸಲೀಸಾಗಿ ನಡೆದುಹೋಯಿತು, ದಾರಿಯುದ್ದಕ್ಕೂ ಒಬ್ಬರೂ ನಮ್ಮನ್ನು ಹೇಗೆ ತಡೆಯಲಿಲ್ಲ ಎಂಬುದು ಇತರ ತಂದೆತಾಯಿಗೆ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾವು ಕಿನ್ನಿಗೋಳಿ ಕಡೆಯವರು. ಹಿಂದಿನ ಸಂಜೆ ಜೋರು ಮಳೆ ಬಂದು, ಜಿಲ್ಲಾಧಿಕಾರಿಗಳು ಮರುದಿನ ಶಾಲೆಗಳಿಗೆ ರಜೆ ಘೋಷಿಸಿದ್ದರು. ಬೆಳಗಾದರೆ ಮಳೆ ಬಿಟ್ಟು ಬಿಸಿಲು. ಮನೆಯಲ್ಲಿ ಅಕ್ಕ ಮತ್ತು ಅವಳ ಹದಿನೇಳರ ಮಗ ಬಂದಿದ್ದರು. ಮಳೆಗಾಲದಲ್ಲಿ ನಮ್ಮಲ್ಲಿ ಬಯಲಾಟವೂ ಇಲ್ಲ, ಕೋಲ ನೇಮಗಳೂ ಇಲ್ಲ, ಸಮುದ್ರದ ಬಳಿ ಹೋಗುವ ಹಾಗೂ ಇಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಹೊರಡುವುದಾದರೆ ಸಿನಿಮಾ ಒಂದೇ. ಅಕ್ಕನ ಮಗ ಮೊಬೈಲಿನಲ್ಲಿ ಟ್ರೈಲರ್ ತೋರಿಸಿದ. ಒಂದು ಹಾಡು, ಎರಡು ನಗೆಯ ಮಾತು, ಕಾಡಿನಲ್ಲಿ ಓಡುವ ನಾಯಕ. ಅಷ್ಟು ನೋಡಿ ಮಧ್ಯಾಹ್ನದ ಪ್ರದರ್ಶನಕ್ಕೆ ಐದು ಟಿಕೆಟ್ ಕಾಯ್ದಿರಿಸಿದೆವು. ಚಿತ್ರದ ಹೆಸರಿನ ಕೆಳಗೆ ಭಾಷೆ ಮತ್ತು ಅವಧಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಯುಎ 16+’ ಎಂದು ಇತ್ತು. ನಾನು ಅದನ್ನು ಕಂಡಿದ್ದೆ. ‘ಎ’ ಅಲ್ಲವಲ್ಲ, ತೊಂದರೆಯಿಲ್ಲ ಎಂದುಕೊಂಡೆ.

ಇಲ್ಲಿಯೇ ನಾನು ಎಡವಿದ್ದು. ನನ್ನ ತಲೆಯಲ್ಲಿ ಇದ್ದದ್ದು ಹಳೆಯ ‘ಯುಎ’. ಹಿಂದೆ ಎಲ್ಲರೂ ನೋಡಬಹುದಾದ ‘ಯು’ ಮತ್ತು ದೊಡ್ಡವರಿಗೆ ಮಾತ್ರವಾದ ‘ಎ’ ನಡುವೆ ಯುಎ ಒಂದೇ ಇತ್ತು, ಹನ್ನೆರಡು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಹೆತ್ತವರು ಯೋಚಿಸಿ ನಿರ್ಧರಿಸಲಿ ಎಂಬುದು ಅದರ ಅರ್ಥ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಅದು ಮೂರಾಗಿ ಒಡೆಯಿತು: ಯುಎ 7+, ಯುಎ 13+, ಯುಎ 16+. ಮೂರಕ್ಕೂ ಹೆಸರು ಯುಎ ಆದರೂ ಮೊದಲನೆಯದಕ್ಕೂ ಕೊನೆಯದಕ್ಕೂ ಅಜಗಜಾಂತರ. 16+ ಎಂದರೆ ‘ಎ’ ಪ್ರಮಾಣಪತ್ರಕ್ಕೆ ಒಂದೇ ಮೆಟ್ಟಿಲು ಕೆಳಗೆ. ಹದಿನೈದರ ಹುಡುಗನ ವಿಷಯದಲ್ಲಿಯೇ ಯೋಚಿಸಿ ಎಂದು ಸೆನ್ಸಾರ್ ಮಂಡಳಿ ಹೇಳಿದ ಚಿತ್ರಕ್ಕೆ ನಾನು ಏಳರ ಮಗುವನ್ನು ಕರೆದೊಯ್ದಿದ್ದೆ.

ಇನ್ನೊಂದು ಮುಖ್ಯ ಸಂಗತಿ. ‘ಎ’ ಚಿತ್ರಕ್ಕೆ ಹದಿನೆಂಟು ತುಂಬದವರನ್ನು ಒಳಗೆ ಬಿಡುವಂತಿಲ್ಲ. ಅಕ್ಕನ ಮಗನನ್ನೇ ಹಿಂದೊಮ್ಮೆ ಬಾಗಿಲಲ್ಲಿ ಆಧಾರ್ ಕೇಳಿ ವಾಪಸು ಕಳುಹಿಸಿದ್ದರು. ಯುಎ ಹಾಗಲ್ಲ. ಅದು 16+ ಆಗಿದ್ದರೂ ಬರೀ ಸೂಚನೆ, ನಿರ್ಧಾರ ಪೂರ್ತಿ ಹೆತ್ತವರದು. ಆದ್ದರಿಂದ ಬಾಗಿಲಲ್ಲಿದ್ದ ಹುಡುಗ ಮಗಳನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಮಗುವಿಗೂ ಟಿಕೆಟ್ ಇದೆಯಲ್ಲವೇ ಸರ್?” ಮೂರು ವರ್ಷ ದಾಟಿದವರಿಗೆಲ್ಲ ಟಿಕೆಟ್ ಬೇಕು ಎಂಬ ಫಲಕ ಅಲ್ಲಿ ದೊಡ್ಡದಾಗಿಯೇ ಇತ್ತು. ಚಿತ್ರದ ಪ್ರಮಾಣಪತ್ರ ಪರದೆಯ ಮೇಲೆ ಬಂದ ಕೆಲವು ಸೆಕೆಂಡು ನಾವು ಕತ್ತಲಲ್ಲಿ ಸೀಟಿನ ಸಂಖ್ಯೆ ಹುಡುಕುತ್ತಿದ್ದೆವು.

ಚಿತ್ರ ಕೆಟ್ಟದ್ದೇನಲ್ಲ. ಮೊದಲ ಅರ್ಧ ಗಂಟೆ ನನ್ನ ಅಮ್ಮನೂ ಮಗಳೂ ಒಟ್ಟಿಗೆ ನಕ್ಕರು. ಕಾಡಿನ ಮಳೆಯನ್ನು ಅಷ್ಟು ಚೆನ್ನಾಗಿ ಚಿತ್ರಿಸಿದ್ದನ್ನು ನಾನು ಈಚೆಗೆ ನೋಡಿಲ್ಲ, ನಾಯಕನ ತಾಯಿಯ ಪಾತ್ರ ಮಾಡಿದ ಕಲಾವಿದೆಯಂತೂ ಇಡೀ ಚಿತ್ರವನ್ನು ಹೊತ್ತಿದ್ದರು. ದೊಡ್ಡವರಿಗೆ ನೋಡಿ ಎಂದೇ ಹೇಳುತ್ತೇನೆ. ಆದರೆ ಮಧ್ಯಂತರಕ್ಕೆ ಸ್ವಲ್ಪ ಮೊದಲು ಒಬ್ಬ ತಂದೆಯನ್ನು ಅವನ ಮಗುವಿನ ಎದುರಿನಲ್ಲಿಯೇ ಕತ್ತಿಯಿಂದ ಕಡಿಯುವ ದೃಶ್ಯ ಬಂತು. ಕ್ಯಾಮೆರಾ ಅಲ್ಲಿಂದ ಕದಲಲಿಲ್ಲ. ನಾನು ಮಗಳ ಕಣ್ಣಿಗೆ ಕೈ ಅಡ್ಡ ಹಿಡಿದೆ. ನಾವೆಲ್ಲ ಮಾಡುವುದು ಅಷ್ಟೇ ತಾನೇ? ಆದರೆ ಚಿತ್ರಮಂದಿರದಲ್ಲಿ ಶಬ್ದ ನಾಲ್ಕೂ ಗೋಡೆಗಳಿಂದ ಬರುತ್ತದೆ. ಕತ್ತಿಯ ಏಟು, ಆ ಮಗುವಿನ ಕಿರುಚಾಟ, ಎಲ್ಲವನ್ನೂ ಅವಳು ಕೇಳಿದಳು. ಕಾಣದೆ ಕೇಳಿದ್ದಕ್ಕೆ ಅವಳ ಮನಸ್ಸು ತಾನೇ ಚಿತ್ರ ಬರೆದುಕೊಂಡಿತು. ಅದು ಪರದೆಯ ಮೇಲಿನದಕ್ಕಿಂತ ಭೀಕರವಾಗಿತ್ತೆಂದು ನನಗೆ ಆಮೇಲೆ ತಿಳಿಯಿತು.

ಮಧ್ಯಂತರದಲ್ಲಿ ಎದ್ದು ಬರಬೇಕಿತ್ತು. “ಹೆದರಿಕೆಯಾಯಿತೇ?” ಎಂದು ಕೇಳಿದೆ. ಅಕ್ಕನ ಮಗ ನಗುತ್ತಿದ್ದುದನ್ನು ನೋಡಿ ಅವಳು “ಇಲ್ಲ ಅಪ್ಪ” ಎಂದಳು. ಪಾಪ್‌ಕಾರ್ನ್ ಮಾತ್ರ ಮುಟ್ಟಿರಲಿಲ್ಲ. ಟಿಕೆಟಿಗೂ ತಿಂಡಿಗೂ ಸೇರಿ ಎರಡು ಸಾವಿರದ ಹತ್ತಿರ ಖರ್ಚಾಗಿತ್ತು, 30 ಕಿಲೋಮೀಟರ್ ಬಂದಿದ್ದೆವು, ಸಾಲಿನ ನಡುವಿನ ಸೀಟು ಬೇರೆ. ಆ ಲೆಕ್ಕದಲ್ಲಿ ಕುಳಿತೇ ಇದ್ದೆ. ಇದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ. ದ್ವಿತೀಯಾರ್ಧದಲ್ಲಿ ಅದೇ ಬಗೆಯ ಎರಡನೆಯ ದೃಶ್ಯಕ್ಕೆ ಅವಳು ನನ್ನ ಅಂಗಿಯೊಳಗೆ ಮುಖ ಹುದುಗಿಸಿ ನಡುಗಲು ತೊಡಗಿದಾಗ ಎತ್ತಿಕೊಂಡು ಹೊರಗೆ ಬಂದೆ. ಅಲ್ಲಿನ ಮ್ಯಾನೇಜರ್ ನೀರು ತರಿಸಿಕೊಟ್ಟರು. “ಯುಎ ಸರ್, ನಾವು ತಡೆಯುವ ಹಾಗಿಲ್ಲ” ಎಂದರು. ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿ. ಆದರೆ ತಡೆಯುವ ಹಾಗಿಲ್ಲದಿದ್ದರೂ, ಸಣ್ಣ ಮಗುವನ್ನು ಕಂಡಾಗ “ಸರ್, ಇದು ಹದಿನಾರು ಪ್ಲಸ್” ಎಂದು ಒಂದು ಮಾತು ಹೇಳಲು ಯಾರ ಅಪ್ಪಣೆಯೂ ಬೇಡ. ಟಿಕೆಟ್ ಕೇಳುವ ಬಾಯಿಯಿಂದ ಅಷ್ಟು ಬಂದಿದ್ದರೆ ನಾನು ಅಲ್ಲಿಂದಲೇ ತಿರುಗುತ್ತಿದ್ದೆ.

ಹಳೆಯಂಗಡಿಯಲ್ಲಿ ಹೆದ್ದಾರಿ ಬಿಟ್ಟು ಪಕ್ಷಿಕೆರೆ ದಾರಿ ಹಿಡಿಯುವವರೆಗೂ ಅವಳು ಮಾತಾಡಲಿಲ್ಲ. ಆಮೇಲೆ ಕೇಳಿದಳು: “ಅಪ್ಪ, ನಮ್ಮ ಮನೆಗೂ ಅವರು ಬರುತ್ತಾರೆಯೇ?”

ಆ ರಾತ್ರಿ, ಮರುದಿನ ರಾತ್ರಿ, ಸುಮಾರು ಮೂರು ವಾರ ಅವಳು ಎದ್ದೆದ್ದು ಅತ್ತಳು. ಬಚ್ಚಲಿಗೆ ಒಬ್ಬಳೇ ಹೋಗುವುದು ನಿಂತಿತು. ನಮಗೆ ಅರ್ಥವಾಗದೆ ಹೋದದ್ದು ಅಡುಗೆಮನೆಯ ವಿಷಯ. ಅಮ್ಮ ಮೀನು ಕೊಯ್ಯಲು ಮೆಟ್ಟುಕತ್ತಿಯ ಮೇಲೆ ಕಾಲಿಟ್ಟು ಕುಳಿತರೆ ಸಾಕು, ಇವಳು ಜಗಲಿಗೆ ಓಡುತ್ತಿದ್ದಳು. ಹುಟ್ಟಿದಂದಿನಿಂದ ನೋಡಿದ ಕತ್ತಿ ಅದು. ಬಂಗುಡೆಯ ತಲೆ ಬೀಳುವುದನ್ನು ಬೆಕ್ಕಿನ ಜೊತೆ ಕುಳಿತು ಕಾಯುತ್ತಿದ್ದ ಮಗು. ಅಮ್ಮ ಹಿಂದಿನ ಜಗಲಿಗೆ ಹೋಗಿ ಮೀನು ಕೊಯ್ಯಲು ಶುರುಮಾಡಿದರು. ಶೀತಕ್ಕೆಂದು ಹೋದಾಗ ಮಕ್ಕಳ ವೈದ್ಯರ ಬಳಿ ಹೇಳಿದೆ. “ಏನೂ ಆಗಿಲ್ಲ, ಅದು ಬರೀ ಸಿನಿಮಾ ಎಂದು ಬಾಯಿ ಮುಚ್ಚಿಸಬೇಡಿ. ಅವಳು ಹೇಳುವಷ್ಟನ್ನು ಕೇಳಿ, ಜೊತೆಯಲ್ಲಿ ಮಲಗಿಸಿಕೊಳ್ಳಿ” ಎಂದರು. ಕಡಿಮೆಯಾಗದಿದ್ದರೆ ಮಕ್ಕಳ ಮನೋವೈದ್ಯರಿಗೆ ತೋರಿಸೋಣ ಎಂದೂ ಹೇಳಿದರು. ಅದೃಷ್ಟಕ್ಕೆ ಅಲ್ಲಿಯವರೆಗೆ ಹೋಗಲಿಲ್ಲ.

ಈ ಕಥೆ ಹೇಳಿದಾಗ ಕೆಲವರು ಕೇಳಿದರು: “ಕಟೀಲು ಮೇಳದ ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋಗುವುದಿಲ್ಲವೇ? ಮಹಿಷಾಸುರನನ್ನು ನೋಡಿ ಹೆದರುವುದಿಲ್ಲವೇ?” ಹೆದರುತ್ತಾಳೆ. ದೇವಿಮಹಾತ್ಮೆಯಲ್ಲಿ ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಪ್ರೇಕ್ಷಕರ ನಡುವಿನಿಂದಲೇ ಆರ್ಭಟಿಸುತ್ತ ಬರುವಾಗ ನನ್ನ ಕುತ್ತಿಗೆ ಬಿಗಿದು ಹಿಡಿದಿದ್ದಳು. ಆದರೆ ಆಟ ಮುಗಿದ ಮೇಲೆ ಅವಳನ್ನು ಚೌಕಿಗೆ, ಅಂದರೆ ಕಲಾವಿದರು ಬಣ್ಣ ಹಚ್ಚುವ ಜಾಗಕ್ಕೆ, ಕರೆದುಕೊಂಡು ಹೋಗಿದ್ದೆ. ಆ ಮಹಿಷಾಸುರ ಕೊಂಬು ತೆಗೆದಿಟ್ಟು, ಅರ್ಧ ಬಣ್ಣ ಒರೆಸಿದ ಮುಖದಲ್ಲಿ ಚಹಾ ಕುಡಿಯುತ್ತ “ಏನು ಮಗು, ಊಟವಾಯಿತೇ?” ಎಂದು ಕೇಳಿದ್ದರು. ಅವಳ ಹೆದರಿಕೆ ಅಲ್ಲಿಗೆ ಮುಗಿಯಿತು. ಸಿನಿಮಾಕ್ಕೆ ಚೌಕಿ ಇಲ್ಲ. ಕಡಿದವನೂ ಕಡಿಸಿಕೊಂಡವನೂ ಜೊತೆಯಲ್ಲಿ ಕುಳಿತು ಊಟ ಮಾಡುವುದನ್ನು ಮಗುವಿಗೆ ತೋರಿಸಲು ನಮ್ಮಿಂದ ಆಗುವುದಿಲ್ಲ.

ನಮ್ಮ ಊರಿನಲ್ಲಿ ಈ ತಪ್ಪು ಹೆಚ್ಚು ಆಗಲು ಒಂದು ಕಾರಣವಿದೆ ಎಂದು ನನಗೆ ಅನಿಸುತ್ತದೆ. ಇಲ್ಲಿ ಸಿನಿಮಾ ಎಂದರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಹೊರಡುವುದು. ಅಮ್ಮ ಚಿಕ್ಕವರಿದ್ದಾಗ ಮಂಗಳೂರಿನ ಜ್ಯೋತಿ ಟಾಕೀಸಿಗೆ ಹಾಗೆಯೇ ಹೋಗುತ್ತಿದ್ದರಂತೆ. ಟಾಕೀಸು ಈಗಿಲ್ಲ, ಜನರ ಬಾಯಲ್ಲಿ ವೃತ್ತಕ್ಕೆ ಮಾತ್ರ ಅದರ ಹೆಸರು ಉಳಿದಿದೆ. ತುಳು ಹಾಸ್ಯ ಚಿತ್ರಗಳು ಆ ರೂಢಿಯನ್ನು ಗಟ್ಟಿ ಮಾಡಿದವು. ಮಗುವನ್ನು ಬಿಟ್ಟು ಹೋಗುವ ಯೋಚನೆಯೇ ನಮಗೆ ಬರುವುದಿಲ್ಲ. ಮನೆಯಲ್ಲಿ ಮಾತ್ರ ನಾವು ಹುಷಾರು. ಒಟಿಟಿಗೆ 2021ರ ನಿಯಮಗಳಲ್ಲಿಯೇ ಇದೇ 7+, 13+, 16+ ವಿಂಗಡಣೆ ಬಂತು, 13+ ಮತ್ತು ಮೇಲಿನದಕ್ಕೆ ಹೆತ್ತವರು ಬೀಗ ಹಾಕುವ ಸೌಲಭ್ಯವೂ ಇರಬೇಕೆಂದಾಯಿತು. ನಮ್ಮ ಟಿವಿಗೆ ನಾನೇ ಆ ಬೀಗ ಹಾಕಿದ್ದೆ. ಅದೇ ನಾನು ದೊಡ್ಡ ಪರದೆಗೆ ದುಡ್ಡು ಕೊಟ್ಟು ಕರೆದುಕೊಂಡು ಹೋದೆ.

ಚಿತ್ರದ ಹೆಸರು ಹೇಳಿ ಎಂದು ಹಲವರು ಕೇಳಿದ್ದಾರೆ. ಹೇಳುವುದಿಲ್ಲ. ಒಂದನ್ನು ತಪ್ಪಿಸಿಕೊಂಡರೆ ಮುಂದಿನ ಶುಕ್ರವಾರ ಇನ್ನೊಂದು ಬರುತ್ತದೆ. ಟಿಕೆಟ್ ತೆಗೆಯುವ ಮೊದಲು ಹೆಸರಿನ ಕೆಳಗಿನ ಆ ಸಣ್ಣ ಅಕ್ಷರವನ್ನು ಓದಿ. ಟ್ರೈಲರನ್ನು ನಂಬಬೇಡಿ, ಅದು ಜನರನ್ನು ಕರೆಯಲು ಮಾಡಿದ್ದು. ಮೊದಲ ದಿನವೇ ಹೋಗದೆ, ನೋಡಿ ಬಂದವರನ್ನು ಕೇಳಿ. “ಹೇಗಿದೆ?” ಎಂದು ಕೇಳಿದರೆ ಎಲ್ಲರೂ ನಟನೆಯ ಬಗ್ಗೆ ಹೇಳುತ್ತಾರೆ. “ಕಡಿಯುವುದು, ಬಡಿಯುವುದು ಎಷ್ಟಿದೆ? ಮಕ್ಕಳಿಗೆ ಹಿಂಸೆಯಾಗುವುದನ್ನು ತೋರಿಸಿದ್ದಾರೆಯೇ?” ಎಂದೇ ಕೇಳಬೇಕು. ಸೀಟನ್ನು ದಾರಿಯ ಬದಿಯಲ್ಲಿಯೇ ತೆಗೆದುಕೊಳ್ಳಿ. ಮಗು ತಿನ್ನುವುದನ್ನು ನಿಲ್ಲಿಸಿದರೆ, ಮಾತು ನಿಲ್ಲಿಸಿದರೆ, “ಹೆದರಿಕೆಯಿಲ್ಲ” ಎಂಬ ಅದರ ಮಾತಿಗೆ ಕಾಯದೆ ಎತ್ತಿಕೊಂಡು ಹೊರಗೆ ಬನ್ನಿ.

ದಸರಾ ರಜೆಗೆ ಅಕ್ಕ ಮತ್ತೆ ಬರುತ್ತಾಳೆ. ಅವಳ ಮಗ ಈಗಾಗಲೇ ಒಂದು ಚಿತ್ರದ ಹೆಸರು ಕಳುಹಿಸಿದ್ದಾನೆ, ಜೊತೆಗೆ ಈ ಸಲ ಅವನೇ ಬರೆದಿದ್ದಾನೆ: “ಮಾವ, ಯುಎ 13+. ನಾನು ಮತ್ತು ಅಮ್ಮ ಮಾತ್ರ ಹೋಗುತ್ತೇವೆ.”