ಬರ್ಲಿನ್‌ನ ಬೆಂಡ್ಲರ್‌ಬ್ಲಾಕ್: ಆಣೆ ಮುರಿದವರ ಮ್ಯೂಸಿಯಂ

ಶ್ಟೌಫೆನ್‌ಬರ್ಗ್ ರಸ್ತೆಯ 13-14ನೇ ನಂಬರಿನಲ್ಲಿ, ಹಿಟ್ಲರ್ ಕಾಲದಲ್ಲಿ ಸೇನಾ ಕಚೇರಿಯಾಗಿದ್ದ ಬೆಂಡ್ಲರ್‌ಬ್ಲಾಕ್ ಕಟ್ಟಡದಲ್ಲಿ, ಹಿಟ್ಲರ್‌ನನ್ನು ಎದುರಿಸಿದ ಜರ್ಮನ್ನರ ನೆನಪಿಗಿರುವ ಜರ್ಮನ್ ಪ್ರತಿರೋಧ ಸ್ಮಾರಕಕ್ಕೆ ಟಿಕೆಟ್ ಇಲ್ಲ. ಎಂ29 ಬಸ್ಸು ಬಾಗಿಲ ಹತ್ತಿರವೇ ಇಳಿಸುತ್ತದೆ. ಆಡಿಯೊ ಗೈಡ್ ಕೂಡ ಉಚಿತ, ಇಂಗ್ಲಿಷ್‌ನಲ್ಲೂ ಸಿಗುತ್ತದೆ; ತಪ್ಪದೆ ತೆಗೆದುಕೊಳ್ಳಿ. ಇಲ್ಲಿ ವಸ್ತುಗಳು ಕಡಿಮೆ, ಫೋಟೊ ಮತ್ತು ಕಾಗದಪತ್ರ ಜಾಸ್ತಿ. ಮಕ್ಕಳಿಗೆ ಅರ್ಧ ಗಂಟೆಯಲ್ಲೇ ಬೇಜಾರಾಗುತ್ತದೆ. ದೊಡ್ಡವರಿಗೆ ಮೂರು ಗಂಟೆ ಬೇಕು.

ಮುಖ್ಯ ಪ್ರದರ್ಶನ ಎರಡನೇ ಮಹಡಿಯಲ್ಲಿದೆ. 2014ರಲ್ಲಿ ಹೊಸದಾಗಿ ಜೋಡಿಸಿದ್ದು. ಸಮಯ ಕಡಿಮೆಯಿದ್ದರೆ ಎಲ್ಲ ಕೋಣೆಗಳ ಹಿಂದೆ ಬೀಳದೆ ಸೇನಾಧಿಕಾರಿಗಳು ಹಿಟ್ಲರ್‌ನನ್ನು ಕೊಲ್ಲಲು ಯತ್ನಿಸಿದ 1944ರ ಜುಲೈ 20ರ ಭಾಗಕ್ಕೆ ನೇರ ಹೋಗಿ. ಹೋಗುವ ಮುಂಚೆ ಒಂದು ಸಂಗತಿ ಮನಸ್ಸಿನಲ್ಲಿರಲಿ: 1934ರ ಆಗಸ್ಟ್ 2ರವರೆಗೆ ಜರ್ಮನ್ ಸೈನಿಕ ಆಣೆ ಇಡುತ್ತಿದ್ದದ್ದು ಜನರಿಗೆ, ತಾಯ್ನಾಡಿಗೆ. ಅಂದಿನಿಂದ ಆಣೆ ಅಡಾಲ್ಫ್ ಹಿಟ್ಲರ್ ಎಂಬ ಒಬ್ಬ ವ್ಯಕ್ತಿಗೆ, ಅದೂ ಬೇಷರತ್ ವಿಧೇಯತೆಯ ಆಣೆ. ದೇಶಕ್ಕೆ ನಿಷ್ಠರಾಗಿರಬೇಕಾದರೆ ಈ ಆಣೆ ಮುರಿಯಲೇಬೇಕಿತ್ತು.

ಬಾಂಬಿನ ಕತೆ ಎಲ್ಲರಿಗೂ ಗೊತ್ತು. ಬರ್ಲಿನ್‌ನಿಂದ ದೂರ, ಹಿಟ್ಲರ್‌ನ ಯುದ್ಧಕಾಲದ ಠಾಣ್ಯದಲ್ಲಿ ನಡೆದ ಸಭೆಗೆ ಬ್ಯಾಗಿನಲ್ಲಿ ಬಾಂಬು ಒಯ್ದ ಕರ್ನಲ್ ಶ್ಟೌಫೆನ್‌ಬರ್ಗ್‌ಗೆ ಯುದ್ಧದ ಗಾಯದಿಂದಾಗಿ ಉಳಿದಿದ್ದದ್ದು ಎಡಗೈಯ ಮೂರು ಬೆರಳು ಮಾತ್ರ. ಎರಡು ಸ್ಫೋಟಕಗಳಲ್ಲಿ ಒಂದಕ್ಕಷ್ಟೇ ಫ್ಯೂಸ್ ಹಾಕಲು ಸಮಯ ಸಿಕ್ಕಿತು. ಸಭೆ ನಡೆದದ್ದು ಕಿಟಕಿ ತೆರೆದಿದ್ದ ಕೋಣೆಯಲ್ಲಿ, ಆದ್ದರಿಂದ ಸ್ಫೋಟದ ಒತ್ತಡ ಹೊರಗೆ ಹರಿದುಹೋಯಿತು. ಬ್ಯಾಗು ಮೇಜಿನ ದಪ್ಪ ಕಾಲಿನ ಆಚೆಗೆ ಸರಿದಿತ್ತು. ಹಿಟ್ಲರ್ ಬದುಕಿದ.

ಆದರೆ ಈ ಕಟ್ಟಡದಲ್ಲಿ ನೋಡಬೇಕಾದದ್ದು ಬಾಂಬನ್ನಲ್ಲ, ಆದೇಶದ ಸರಪಳಿಯನ್ನು. ವಾಲ್ಕಿರಿ ಎಂಬುದು ಒಳಗಿನ ದಂಗೆ ಅಡಗಿಸಲು ಮೀಸಲು ಸೇನೆಗೆಂದೇ ಇದ್ದ ಅಧಿಕೃತ ಯೋಜನೆ. ಸಂಚುಗಾರರು ಅದನ್ನೇ ಹಿಟ್ಲರ್ ಆಡಳಿತದ ವಿರುದ್ಧ ತಿರುಗಿಸಿದರು. ಅಂದರೆ ಆಣೆ ಮುರಿದವರೂ ನೆಚ್ಚಿಕೊಂಡಿದ್ದದ್ದು ಕೆಳಗಿನವರ ಕುರುಡು ವಿಧೇಯತೆಯನ್ನೇ! ಎಡವಟ್ಟಾದದ್ದೂ ಅಲ್ಲೇ. ಸ್ಫೋಟ ಮಧ್ಯಾಹ್ನ 12:42ಕ್ಕೆ; ಬರ್ಲಿನ್‌ನ ಈ ಕಟ್ಟಡದಿಂದ ಆದೇಶಗಳು ಹೊರಟದ್ದು ಸುಮಾರು ನಾಲ್ಕರ ಮೇಲೆ. ಮೀಸಲು ಸೇನೆಯ ಮುಖ್ಯಸ್ಥ ಫ್ರೊಮ್ ಕೈಜೋಡಿಸಲಿಲ್ಲ. ಬರ್ಲಿನ್ ಕಾವಲು ಪಡೆಯ ಮೇಜರ್ ರೇಮರ್ ಮೇಲಿನ ಆದೇಶದಂತೆ ಸರ್ಕಾರಿ ಬಡಾವಣೆಗೆ ದಿಗ್ಬಂಧನ ಹಾಕಿದ. ಸಂಜೆ ಪ್ರಚಾರ ಮಂತ್ರಿ ಗೊಬೆಲ್ಸ್ ಕೊಟ್ಟ ಫೋನಿನಲ್ಲಿ ಹಿಟ್ಲರ್ ದನಿ ಕೇಳಿದ್ದೇ ತಡ, ಅದೇ ವಿಧೇಯತೆ ದಿಕ್ಕು ಬದಲಿಸಿತು. ಫ್ರೊಮ್ ತನ್ನ ಮೇಲಿನ ಅನುಮಾನ ತೊಳೆದುಕೊಳ್ಳಲು ಅವಸರದಲ್ಲಿ ಶ್ಟೌಫೆನ್‌ಬರ್ಗ್ ಸೇರಿ ನಾಲ್ವರು ಸಂಚುಗಾರರನ್ನು ಕೆಳಗಿನ ಅಂಗಳದಲ್ಲಿ ಗುಂಡಿಟ್ಟು ಕೊಲ್ಲಿಸಿದ. ಪ್ರಯೋಜನವಾಗಲಿಲ್ಲ, 1945ರ ಮಾರ್ಚ್‌ನಲ್ಲಿ ಅವನನ್ನೂ ಕೊಂದರು.

ಆ ಅಂಗಳದಲ್ಲೀಗ 1953ರಿಂದ ಕೈಗಳಿಗೆ ಕಟ್ಟು ಬಿಗಿದ ಯುವಕನ ಕಂಚಿನ ಪ್ರತಿಮೆಯಿದೆ. ಕೋಣೆಗಳನ್ನು ನೋಡಿದ ಮೇಲೆ ಇಲ್ಲಿಗೆ ಬಂದು ನಿಲ್ಲುವುದೇ ವಾಸಿ.

ಒಂದು ತಕರಾರು: ಬರುವವರೆಲ್ಲ ಸಮವಸ್ತ್ರದವರ ಕೋಣೆಗಳಲ್ಲೇ ಹೊತ್ತು ಕಳೆಯುತ್ತಾರೆ. ಗಿಯೋರ್ಗ್ ಎಲ್ಸರ್ ಎಂಬ ಬಡಗಿ ಮ್ಯೂನಿಕ್ ಬಿಯರ್ ಹಾಲಿನ ಕಂಬದೊಳಗೆ ರಾತ್ರಿ ರಾತ್ರಿ ಕೊರೆದು ಬಾಂಬಿಟ್ಟದ್ದು 1939ರಲ್ಲೇ. ಹಿಟ್ಲರ್ 13 ನಿಮಿಷ ಮೊದಲು ಎದ್ದುಹೋದ. ಆಣೆಯ ತೊಡಕಿಲ್ಲದ ಮನುಷ್ಯ ಅಷ್ಟು ಬೇಗ ನಿರ್ಧರಿಸಿದ. ಸೇನಾಧಿಕಾರಿಗಳ ಪೈಕಿ ಹಲವರು ಅದೇ ಆಡಳಿತಕ್ಕೆ ವರ್ಷಗಟ್ಟಲೆ ದುಡಿದವರು. ಇದನ್ನು ಮರೆತು ಇಡೀ ಕಟ್ಟಡವನ್ನು ವೀರಗಾಥೆಯಾಗಿ ಓದಬೇಡಿ.

ರೇಮರ್ ಯುದ್ಧದ ನಂತರವೂ ಜುಲೈ 20ರ ಸಂಚುಗಾರರನ್ನು ದೇಶದ್ರೋಹಿಗಳೆಂದ. 1952ರಲ್ಲಿ ಬ್ರೌನ್‌ಶ್ವೈಗ್‌ನಲ್ಲಿ ಪ್ರಾಸಿಕ್ಯೂಟರ್ ಫ್ರಿಟ್ಸ್ ಬೌವರ್ ವಾದಿಸಿ ಅವನಿಗೆ ಮೂರು ತಿಂಗಳ ಸಜೆ ಕೊಡಿಸಿದರು. 1956ರ ಜರ್ಮನ್ ಸೈನಿಕರ ಕಾಯ್ದೆಯ 11ನೇ ಕಲಂ ಪ್ರಕಾರ, ಅಪರಾಧವಾಗುವ ಆದೇಶವನ್ನು ಸೈನಿಕ ಪಾಲಿಸಕೂಡದು. ನಮ್ಮ 1950ರ ಸೇನಾ ಕಾಯ್ದೆಯ 41ನೇ ಕಲಂ ಕೂಡ ಶಿಕ್ಷೆ ವಿಧಿಸುವುದು ‘ಕಾನೂನುಬದ್ಧ’ ಆದೇಶ ಮೀರಿದರೆ ಮಾತ್ರ.

ಜುಲೈ 20ರಂದು ಅಂಗಳದಲ್ಲಿ ಸರ್ಕಾರಿ ಸಮಾರಂಭವಿರುತ್ತದೆ. ನಿಧಾನವಾಗಿ ಓದಬೇಕೆನ್ನುವವರು ಬೇರೆ ದಿನ ನೋಡಿಕೊಳ್ಳಿ.