ದಿ ಸ್ನೋಮ್ಯಾನ್: ಹಬ್ಬಕ್ಕಿಂತ ಹಿಮವೇ ಚೆನ್ನ

1982ರ ಡಿಸೆಂಬರ್ 26ರಂದು, ಪ್ರಸಾರ ಶುರುವಾಗಿ ಎರಡು ತಿಂಗಳೂ ತುಂಬದಿದ್ದ ಬ್ರಿಟನ್ನಿನ ಚಾನೆಲ್ ಫೋರ್ ವಾಹಿನಿಯು ‘ದಿ ಸ್ನೋಮ್ಯಾನ್’ ಎಂಬ 26 ನಿಮಿಷಗಳ ಅನಿಮೇಷನ್ ಚಿತ್ರವನ್ನು ತೋರಿಸಿತು. ಆಮೇಲೆ ಕ್ರಿಸ್‌ಮಸ್ ಬಂತೆಂದರೆ ಅಲ್ಲಿನ ಟಿವಿಯಲ್ಲಿ ಈ ಚಿತ್ರವೂ ಬರುವುದು ವಾಡಿಕೆಯಾಯಿತು. ಆ ದೇಶದಲ್ಲಿ ನೆಲೆಸಿರುವ ಕನ್ನಡಿಗರ ಮನೆಯ ಮಕ್ಕಳಿಗೂ ಇದು ಹೊಸದೇನಲ್ಲ. ರೇಮಂಡ್ ಬ್ರಿಗ್ಸ್ 1978ರಲ್ಲಿ ಪ್ರಕಟಿಸಿದ, ಮಾತೇ ಇಲ್ಲದ ಚಿತ್ರಪುಸ್ತಕವನ್ನು ಆಧರಿಸಿ ಡಯಾನ್ ಜಾಕ್ಸನ್ ನಿರ್ದೇಶಿಸಿದ, ಜಾನ್ ಕೋಟ್ಸ್ ನಿರ್ಮಿಸಿದ ಈ ಚಿತ್ರ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನವನ್ನೂ ಪಡೆದಿತ್ತು. ಮನೆಮಂದಿಯೆಲ್ಲ ಕೂತು ನೋಡಬಹುದಾದ ಹಬ್ಬದ ಚಿತ್ರವೆಂದು ಇದಕ್ಕೆ ಬಂದಿರುವ ಹೆಸರು ಸರಿಯಾದದ್ದೇ. ಆದರೆ ಇದರಲ್ಲಿ ಎಲ್ಲಕ್ಕಿಂತ ಸೊರಗಿರುವುದು ಹಬ್ಬದ ಭಾಗವೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಚಿತ್ರಗಳ ಮಾತು. ಗಟ್ಟಿ ಕಪ್ಪು ಗೆರೆ ಎಳೆದು ಅದರೊಳಗೆ ಸಪಾಟಾಗಿ ಬಣ್ಣ ತುಂಬುವ ಅಂದಿನ ರೂಢಿಯ ಕ್ರಮವನ್ನು ಬಿಟ್ಟು, ಬ್ರಿಗ್ಸ್ ಅವರ ಪುಸ್ತಕದಲ್ಲಿದ್ದ ಬಣ್ಣದ ಪೆನ್ಸಿಲ್ಲಿನ ಗುಣ ಪರದೆಯ ಮೇಲೂ ಉಳಿಯಬೇಕೆಂದು ಕಲಾವಿದರು ಕ್ರೇಯಾನ್ ಮತ್ತು ಪೆನ್ಸಿಲ್ಲುಗಳಿಂದ ಒಂದೊಂದು ಚಿತ್ರವನ್ನೂ ಕೈಯಾರೆ ತಿದ್ದಿದ್ದಾರೆ. ಎರಡು ಚಿತ್ರಗಳಲ್ಲಿ ಕೈಯ ಒತ್ತಡ ಒಂದೇ ಸಮನಾಗಿರುವುದು ಸಾಧ್ಯವಿಲ್ಲದ್ದರಿಂದ, ಹುಡುಗ ಸುಮ್ಮನೆ ನಿಂತಿರುವಾಗಲೂ ಅವನ ಅಂಗಿಯ ಬಣ್ಣ ಸಣ್ಣಗೆ ಮಿಡಿಯುತ್ತಲೇ ಇರುತ್ತದೆ. ಕಟ್ಟುನಿಟ್ಟಾಗಿ ನೋಡಿದರೆ ಇದು ತಾಂತ್ರಿಕ ದೋಷ. ಇಲ್ಲಿ ಮಾತ್ರ ಅದೇ ಚಿತ್ರದ ಉಸಿರಾಗಿದೆ. ಬೀಳುವ ಹಿಮ, ಕಿಟಕಿಯಿಂದ ಹೊರಚೆಲ್ಲಿದ ಹಳದಿ ಬೆಳಕು, ರಾತ್ರಿಯ ನೀಲಿ ಇವೆಲ್ಲ ಒಂದೇ ಕಾಗದದ ತರಿತರಿಯಲ್ಲಿ ಮೂಡಿದಂತೆ ಕಾಣುತ್ತವೆ. ಹಿಮವನ್ನು ಪರದೆಯಲ್ಲಲ್ಲದೆ ಬೇರೆಲ್ಲೂ ಕಾಣದ ನಮ್ಮ ಕಡೆಯ ಮಕ್ಕಳಿಗೂ ಅದರ ಭಾರ, ಮೌನ ಎರಡೂ ತಿಳಿಯುವಷ್ಟು ಚೆನ್ನಾಗಿ ಇದನ್ನು ಬರೆಯಲಾಗಿದೆ.

ಕತೆ ಇಷ್ಟೆ. ಹುಡುಗನೊಬ್ಬ ಅಂಗಳದಲ್ಲಿ ಹಿಮದ ಮನುಷ್ಯನನ್ನು ಮಾಡಿ, ಮೂಗಿಗೆ ಕಿತ್ತಳೆಯನ್ನೂ ಕಣ್ಣಿಗೆ ಕಲ್ಲಿದ್ದಲಿನ ತುಂಡುಗಳನ್ನೂ ಇಟ್ಟು, ಹಳೆಯ ಟೋಪಿ ಮತ್ತು ಮಫ್ಲರ್ ತೊಡಿಸುತ್ತಾನೆ. ನಡುರಾತ್ರಿ ಅದಕ್ಕೆ ಜೀವ ಬರುತ್ತದೆ. ಅಪ್ಪ ಅಮ್ಮ ಮಲಗಿರುವ ಮನೆಯೊಳಗೆ ಇಬ್ಬರೂ ಕಳ್ಳಹೆಜ್ಜೆಯಲ್ಲಿ ಓಡಾಡುವ ಭಾಗವೇ ಚಿತ್ರದ ನಿಜವಾದ ಸೊಗಸು. ಹಿಮದ ಮನುಷ್ಯ ಅಡುಗೆಮನೆಯ ಹಣ್ಣುಗಳನ್ನೆಲ್ಲ ಮೂಗಿಗೆ ಹಚ್ಚಿ ನೋಡುವುದು, ಬೆಂಕಿಯ ಶಾಖ ತಾಗಿ ಗಾಬರಿಗೊಳ್ಳುವುದು, ಅಪ್ಪನ ಬಟ್ಟೆ ಹಾಕಿಕೊಂಡು ಮೆರೆಯುವುದು, ಕಡೆಗೆ ಫ್ರೀಜರಿನೊಳಗೆ ಮಲಗಿ ಹಾಯಾಗಿ ನಗುವುದು: ಪ್ರತಿಯೊಂದು ನಗೆಯ ಪ್ರಸಂಗವೂ ಅವನು ಕರಗುವ ಪದಾರ್ಥ ಎಂಬ ನಿಜವನ್ನು ಮೆಲ್ಲನೆ ನೆನಪಿಸುತ್ತದೆ. ಕೊನೆಯಲ್ಲಿ ಬರಲಿರುವುದಕ್ಕೆ ಇಲ್ಲಿಂದಲೇ ಸಿದ್ಧತೆ ನಡೆದಿದೆಯೆಂದು ಎರಡನೆಯ ಸಲ ನೋಡುವಾಗ ಗೊತ್ತಾಗುತ್ತದೆ.

ಹೊವರ್ಡ್ ಬ್ಲೇಕ್ ಅವರ ವಾದ್ಯಸಂಗೀತ ಸಂಭಾಷಣೆಯ ಕೆಲಸವನ್ನೆಲ್ಲ ಹೊತ್ತುಕೊಂಡಿದೆ. ಇಬ್ಬರೂ ಆಕಾಶಕ್ಕೆ ಏರಿದಾಗ ಕೇಳಿಬರುವ ‘ವಾಕಿಂಗ್ ಇನ್ ದಿ ಏರ್’ ಹಾಡಿನಲ್ಲಿ ಹಬ್ಬದ ಗೆಲುವಿಗಿಂತ ಹೆಚ್ಚಾಗಿ ಒಂದು ಕೊರಗಿದೆ. ಇದನ್ನು ಹಾಡಿದವನು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗಾಯನವೃಂದದ ಬಾಲಕ ಪೀಟರ್ ಆಟಿ. ಮೊದಲ ಪ್ರಸಾರದಲ್ಲಿ ಅವನ ಹೆಸರನ್ನೇ ಹಾಕಿರಲಿಲ್ಲ. 1985ರಲ್ಲಿ ಅಲೆಡ್ ಜೋನ್ಸ್ ಹಾಡಿದ ಧ್ವನಿಮುದ್ರಿಕೆ ಜನಪ್ರಿಯವಾದ ಮೇಲೆ ಚಿತ್ರದಲ್ಲಿರುವ ದನಿಯೂ ಅವನದೇ ಎಂದು ಬಹಳ ಮಂದಿ ನಂಬಿದರು. ಹಾರಾಟದ ದಾರಿಯಲ್ಲಿ ಬ್ರೈಟನ್ ಪಟ್ಟಣದ ರಾಯಲ್ ಪೆವಿಲಿಯನ್ ಅರಮನೆ ಕಾಣಿಸುತ್ತದೆ. ಭಾರತದ ಶೈಲಿಯನ್ನು ಅನುಕರಿಸಿದ ಅದರ ಗುಮ್ಮಟಗಳು ಹಿಮ ಹೊದ್ದಿರುವುದನ್ನು ಕಂಡರೆ ಮೈಸೂರು ಅರಮನೆಯನ್ನು ನೋಡಿದವರಿಗೆ ಒಂದು ಕ್ಷಣ ವಿಚಿತ್ರವೆನಿಸದೆ ಇರದು.

ಅಲ್ಲಿಂದ ಮುಂದೆ ಚಿತ್ರ ಕೊಂಚ ಹಳಿ ತಪ್ಪುತ್ತದೆ. ಪುಸ್ತಕದಲ್ಲಿ ಕ್ರಿಸ್‌ಮಸ್ ಇಲ್ಲವೇ ಇಲ್ಲ, ಅದು ಚಳಿಗಾಲದ ಒಂದು ದಿನದ ಕತೆ. ತಮ್ಮ ಪುಸ್ತಕ ಹಬ್ಬದ ಕುರಿತದ್ದಲ್ಲವೆಂದು ಬ್ರಿಗ್ಸ್ ಅವರೇ ಹೇಳಿದ್ದುಂಟು. ಚಿತ್ರ ಮಾಡಿದವರು ಮಾತ್ರ ಹಾರಾಟವನ್ನು ಉತ್ತರಕ್ಕೆ ಹಿಗ್ಗಿಸಿ, ಹಿಮದ ಮನುಷ್ಯರ ಕೂಟವೊಂದನ್ನೂ ಸಾಂತಾಕ್ಲಾಸ್‌ನನ್ನೂ ತಂದಿದ್ದಾರೆ. ಅಲ್ಲಿಯವರೆಗೆ ಇಬ್ಬರ ನಡುವೆಯೇ ಇದ್ದ ಗುಟ್ಟು ಇಲ್ಲಿ ಸಂತೆಯಾಗುತ್ತದೆ. ಬಗೆಬಗೆಯ ಉಡುಪಿನ ಹತ್ತಾರು ಹಿಮದ ಮನುಷ್ಯರು ಕುಣಿಯುತ್ತಾರೆಯೇ ಹೊರತು ಒಬ್ಬನ ಮುಖವೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಕುಣಿತ ಅಗತ್ಯಕ್ಕಿಂತ ಉದ್ದವಾಗಿದೆ; ಚಿಕ್ಕ ಮಕ್ಕಳು ಎದ್ದು ಓಡಾಡಲು ಶುರುಮಾಡುವುದಿದ್ದರೆ ಇಲ್ಲಿಯೇ. ಈ ಸೇರ್ಪಡೆಯಿಂದ ಆದ ಒಂದೇ ಒಳಿತೆಂದರೆ ಸಾಂತಾಕ್ಲಾಸ್ ಹುಡುಗನಿಗೆ ಕೊಡುವ ನೀಲಿ ಮಫ್ಲರ್, ಏಕೆಂದರೆ ಮರುದಿನ ಬೆಳಿಗ್ಗೆ ಕರಗಿದ ಹಿಮದ ಗುಡ್ಡೆಯ ಮುಂದೆ ನಿಂತ ಹುಡುಗನ ಕೈಗೆ ಜೇಬಿನಲ್ಲಿ ಸಿಗುವುದು ಅದೇ. ನಡೆದದ್ದು ಕನಸಲ್ಲ ಎಂದು ಖಾತ್ರಿಯಾದ ಗಳಿಗೆಯಲ್ಲಿಯೇ ದುಃಖ ಇಮ್ಮಡಿಯಾಗುತ್ತದೆ.

ಈ ಮುಕ್ತಾಯ ಮಕ್ಕಳಿಗೆ ಕಠಿಣವೆಂಬ ಆಕ್ಷೇಪ ಹಳೆಯದು, ನಿರಾಧಾರವೂ ಅಲ್ಲ. ನಾಲ್ಕೈದು ವರ್ಷದ ಮಗು ಅತ್ತೇ ಅಳುತ್ತದೆ, ಸಮಾಧಾನದ ಒಂದು ದೃಶ್ಯವನ್ನೂ ಚಿತ್ರ ಕೊಡುವುದಿಲ್ಲ. ಹಾಗೆಂದು ಇದನ್ನು ಕೊರತೆಯ ಪಟ್ಟಿಗೆ ಸೇರಿಸಲು ನಾನು ಒಪ್ಪಲಾರೆ. ಹಿಮ ಕರಗುತ್ತದೆ ಎಂಬುದನ್ನು ಮರೆಮಾಚದಿರುವ ಈ ನೇರವಂತಿಕೆ ಮಕ್ಕಳ ಚಿತ್ರಗಳಲ್ಲಿ ಅಪರೂಪ. ದೊಡ್ಡವರು ಪಕ್ಕದಲ್ಲಿ ಕೂತಿದ್ದರೆ ಸಾಕು. 2012ರಲ್ಲಿ ಬಂದ ‘ದಿ ಸ್ನೋಮ್ಯಾನ್ ಆ್ಯಂಡ್ ದಿ ಸ್ನೋಡಾಗ್’ ಎಂಬ ಮುಂದಿನ ಭಾಗ ಈ ಗಾಯಕ್ಕೆ ಮುಲಾಮು ಹಚ್ಚಲು ಹೊರಟು ಅಷ್ಟೇ ಸಪ್ಪೆಯಾಯಿತು.

ನೋಡಲು ಕೂರುವ ಮುನ್ನ ಯಾವ ಆವೃತ್ತಿಯೆಂದು ಗಮನಿಸುವುದು ಒಳ್ಳೆಯದು. ಮೂಲದಲ್ಲಿ ಬ್ರಿಗ್ಸ್ ಹೊಲದಲ್ಲಿ ನಡೆಯುತ್ತ ನಾಲ್ಕು ಮಾತು ಹೇಳಿ ಸುಮ್ಮನಾಗುತ್ತಾರೆ. ಆಮೇಲೆ ಸೇರಿಸಿದ ಇನ್ನೊಂದು ಪೀಠಿಕೆಯಲ್ಲಿ ಗಾಯಕ ಡೇವಿಡ್ ಬೋವಿ ಮನೆಯ ಅಟ್ಟದಲ್ಲಿ ನಿಂತು, ಆ ಹುಡುಗ ತಾನೇ ಎಂಬಂತೆ ಮಾತನಾಡುತ್ತ ಅದೇ ಮಫ್ಲರನ್ನು ಹೊರತೆಗೆದು ತೋರಿಸುತ್ತಾರೆ. ಬೋವಿಯ ಅಭಿಮಾನಿಗಳಿಗೆ ಅದು ಪ್ರಿಯವಾಗಬಹುದು. ಆದರೆ ಕೊನೆಯ ನಿಮಿಷದವರೆಗೆ ಕಾಪಾಡಬೇಕಾದ ಗುಟ್ಟನ್ನು ಮೊದಲ ನಿಮಿಷದಲ್ಲಿಯೇ ಬಿಟ್ಟುಕೊಡುವ ಆ ಪೀಠಿಕೆಯನ್ನು, ಮೊದಲ ಸಲ ನೋಡುವ ಮಕ್ಕಳಿರುವ ಮನೆಯವರು ದಾಟಿಸಿಯೇ ಮುಂದೆ ಹೋಗಬೇಕು.